ಗೇಟಿನೊಳಗೆ ಅಳು, ಗೇಟಿನ ಹೊರಗೆ ಅವಸರ

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಮೈಸೂರಿನ ಸಂತೇಪೇಟೆ, ಶಿವರಾಂಪೇಟೆ, ಅಶೋಕ ರಸ್ತೆಯ ಅಂಗಡಿಗಳಿಗೆ ಜೀವ ಬರುತ್ತದೆ. ಬ್ಯಾಗು, ಬೂಟು, ಛತ್ರಿ, ಟಿಫನ್ ಡಬ್ಬಿ, ನೀರಿನ ಬಾಟ್ಲು, ಪುಸ್ತಕಕ್ಕೆ ಹಾಕುವ ಕಂದು ಕಾಗದ... ಒಂದನೇ ಕ್ಲಾಸಿಗೆ ಹೊರಟ ಮಗುವಿಗೆ ಬೇಕಾದ ಸಾಮಾನೆಲ್ಲ ಒಂದೇ ಸಂಜೆಯಲ್ಲಿ ಕೊಂಡು ಮುಗಿಸಬಹುದು. ದುಡ್ಡಿದ್ದವರು ಚೌಕಾಸಿ ಮಾಡದೆ, ಇಲ್ಲದವರು ಚೌಕಾಸಿ ಮಾಡಿ, ಅಂತೂ ಎಲ್ಲರೂ ಕೊಳ್ಳುತ್ತಾರೆ. ಆದರೆ ಆ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಒಂದು ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಹೆಸರು ಧೈರ್ಯ!

ಅದು ಸಿಗದ ಮಕ್ಕಳ ಗತಿ ಏನು ಅಂತ ತಿಳಿಯಬೇಕಾದರೆ ಶಾಲೆ ತೆರೆದ ಮೊದಲ ವಾರ, ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ, ಯಾವುದೇ ಪ್ರಾಥಮಿಕ ಶಾಲೆಯ ಮುಂದೆ ಹಾದು ಹೋದರೆ ಸಾಕು. ಒಂದು ಮಗು ಗೇಟಿನ ಕಂಬಿ ಹಿಡಿದು ಅರಚುತ್ತಿರುತ್ತೆ. ಇನ್ನೊಂದು ಅಮ್ಮನ ಸೆರಗು ಬಿಡುವುದಿಲ್ಲ. ಮೂರನೆಯದು ಅಳುವುದೂ ಇಲ್ಲ, ಮಾತಾಡುವುದೂ ಇಲ್ಲ. ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತೆ. ಯಾರೂ ಗಮನಿಸದೆ ಹೋಗುವುದು ಈ ಮೂರನೆಯದನ್ನೇ.

"ಎರಡು ದಿನ ಅಳ್ತವೆ, ಆಮೇಲೆ ಸರಿಹೋಗ್ತವೆ ಬಿಡ್ರಿ" ಅನ್ನುವುದು ಊರಿಗೆ ಊರೇ ಒಪ್ಪಿಕೊಂಡ ಮಾತು. ಬಹಳಷ್ಟು ಮಕ್ಕಳು ಸರಿಹೋಗುತ್ತವೆ ಅನ್ನುವುದೂ ನಿಜ. ಆದರೆ ಸರಿಹೋಗದೆ ಉಳಿದವುಗಳ ಕತೆ? ಸೋಮವಾರ ಹೊಟ್ಟೆನೋವು, ಮಂಗಳವಾರ ತಲೆನೋವು, ಬುಧವಾರ ಅಜ್ಜಿ ಮನೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತೆ, ತರಗತಿಯಲ್ಲಿ ಮಗು ಇರುವುದಿಲ್ಲ. ಮೂರನೇ ತರಗತಿಗೆ ಬಂದರೂ ಎರಡು ಸಾಲು ಓದಲು ಬಾರದಿದ್ದಾಗ "ಇವನ ತಲೆಗೆ ಹತ್ತೋದಿಲ್ಲ" ಅಂತ ತೀರ್ಪು ಬೀಳುತ್ತದೆ. ತಲೆಗೆ ಹತ್ತದ ಕಾಯಿಲೆ ಗೇಟಿನ ಹತ್ತಿರ ಶುರುವಾಗಿತ್ತು ಅನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಮರೆತಿರುತ್ತದೆ.

ಇದಕ್ಕೆ ಯಾರು ಹೊಣೆ? ಮೇಷ್ಟ್ರನ್ನ ಕೇಳಿದರೆ ಮನೆಯ ಕಡೆ ಬೆರಳು ತೋರಿಸುತ್ತಾರೆ. ಮನೆಯವರನ್ನ ಕೇಳಿದರೆ ಶಾಲೆಯ ಕಡೆ. ಮಗು ಈ ಎರಡು ಬೆರಳುಗಳ ನಡುವೆ ನಿಂತು ಅಳುತ್ತಿರುತ್ತದೆ. ಮನೆಯೂ ಶಾಲೆಯೂ ಮೊದಲೇ ಕೂತು ಮಾತಾಡಿಕೊಂಡು, ಮಗುವಿಗೆ ಎರಡೂ ಕಡೆ ಒಂದೇ ಮಾತು ಹೇಳಿದರೆ ಈ ಅಳು ಬೇಗ ನಿಲ್ಲುತ್ತದೆ. ಇದಕ್ಕೆ ದೊಡ್ಡ ಯೋಜನೆ ಬೇಡ, ಶಂಕುಸ್ಥಾಪನೆ ಬೇಡ. ದೊಡ್ಡವರ ಸ್ವಲ್ಪ ಹೊತ್ತು ಬೇಕು, ಅಷ್ಟೆ.

ಗುಮ್ಮನನ್ನ ಮಾಡಿದವರು ಯಾರು?

ಮಗುವಿಗೆ ಮಾತು ತಿಳಿಯುವ ಕಾಲದಿಂದ ಮನೆಯಲ್ಲಿ ಏನೇನು ಕೇಳಿಸುತ್ತದೆ ಅನ್ನುವುದನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ಊಟ ಮಾಡದಿದ್ದರೆ, "ಸ್ಕೂಲಿಗೆ ಹಾಕ್ತೀನಿ ನೋಡು." ತಮ್ಮನಿಗೆ ಹೊಡೆದರೆ, "ತಡಿ, ಮಿಸ್ಸಿಗೆ ಹೇಳ್ತೀನಿ, ಚೆನ್ನಾಗಿ ಬಾರಿಸ್ತಾರೆ." ರಾತ್ರಿ ಮಲಗದಿದ್ದರೂ ಅದೇ ಮಿಸ್ಸು, ಅದೇ ಬೆತ್ತ. ಹೀಗೆ ಮೂರು ವರ್ಷ ಶಾಲೆಯನ್ನ ಗುಮ್ಮ ಅಂತ ತೋರಿಸಿ, ಒಂದು ದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಹೊಸ ಬಟ್ಟೆ ತೊಡಿಸಿ, ಅದೇ ಗುಮ್ಮನ ಕೈಗೆ ಮಗುವನ್ನ ಒಪ್ಪಿಸಿ "ಅಳಬಾರದು, ಜಾಣಮರಿ" ಅಂದರೆ ಹೇಗೆ ಸ್ವಾಮಿ? ಪೊಲೀಸು ಠಾಣೆಗೆ ಕರೆದರೆ ದೊಡ್ಡವರೇ ಬೆವರುವುದಿಲ್ಲವೇ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಆಗುವಂತೆ ನಡೆದುಕೊಳ್ಳುವುದನ್ನೂ ನಿಷೇಧಿಸಿದೆ. ಕಾನೂನು ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡಿತು. ಆದರೆ ಮನೆಯವರು ಬಾಯಿಮಾತಿನಲ್ಲಿ ಅದನ್ನ ದಿನವೂ ಮೇಷ್ಟ್ರ ಕೈಗೆ ಮತ್ತೆ ಕೊಡುತ್ತಿದ್ದಾರೆ! "ಎರಡು ಬಿಗೀರಿ ಸಾರ್, ನಮ್ದೇನೂ ಅಭ್ಯಂತರ ಇಲ್ಲ" ಅಂತ ಮಗುವಿನ ಎದುರಿಗೇ ಹೇಳಿ ಹೋಗುವ ತಂದೆಯರು ಇನ್ನೂ ಇದ್ದಾರೆ. ಅದು ತಮಾಷೆ ಅಂತ ಮೇಷ್ಟ್ರಿಗೆ ಗೊತ್ತು, ಅಪ್ಪನಿಗೆ ಗೊತ್ತು. ಮಗುವಿಗೆ ಗೊತ್ತಿಲ್ಲ.

ಮೆಲ್ಲಗೆ ಜಾರುವ ಕಲೆ

ಇನ್ನೊಂದು ಮನೆಮದ್ದು ಉಂಟು. ಮಗುವನ್ನ ಒಳಗೆ ಕೂರಿಸುವುದು, ಅದು ಬಣ್ಣದ ಚಿತ್ರ ನೋಡುತ್ತಿರುವಾಗ ಹಿಂದಿನಿಂದ ಮೆಲ್ಲಗೆ ಜಾರಿಕೊಳ್ಳುವುದು. ಆ ಕ್ಷಣಕ್ಕೆ ಅಪ್ಪ ಅಮ್ಮ ಗೆದ್ದರು. ಮಗು ತಿರುಗಿ ನೋಡಿದಾಗ ಅಮ್ಮ ಇಲ್ಲ. ಆವತ್ತು ಅದು ಕಲಿತ ಪಾಠ ಒಂದೇ: ಕಣ್ಣು ಬೇರೆ ಕಡೆ ತಿರುಗಿಸಿದರೆ ಅಮ್ಮ ಮಾಯವಾಗುತ್ತಾಳೆ. ಮಾರನೇ ದಿನ ಸೆರಗಿನ ಹಿಡಿತ ಇನ್ನೂ ಬಿಗಿ. ಚಿತ್ರ ತೋರಿಸಿದರೂ ನೋಡುವುದಿಲ್ಲ, ಆಟದ ಸಾಮಾನು ಕೊಟ್ಟರೂ ಮುಟ್ಟುವುದಿಲ್ಲ.

ಹೇಳಿ ಹೋಗುವುದು ಕಷ್ಟ, ಆದರೆ ಅದೇ ಸುಲಭದ ದಾರಿ. ಆರು ವರ್ಷದ ಮಗುವಿಗೆ ಗಡಿಯಾರ ತಿಳಿಯುವುದಿಲ್ಲ. "ನಾಲ್ಕು ಗಂಟೆಗೆ ಬರ್ತೀನಿ" ಅಂದರೆ ಅದಕ್ಕೆ ನಾಲ್ಕು ವರ್ಷ ಅಂದ ಹಾಗೆ. "ಮೊದಲು ಹಾಡು, ಆಮೇಲೆ ಊಟ, ಆಮೇಲೆ ಆಟ, ಆಮೇಲೆ ಉದ್ದ ಬೆಲ್ಲು. ಬೆಲ್ ಹೊಡೆದಾಗ ನಾನು ಗೇಟಿನ ಹತ್ತಿರ ಮರದ ಕೆಳಗೆ ನಿಂತಿರ್ತೀನಿ" ಅಂದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ಆ ಮರದ ಕೆಳಗೆ ನಿಂತಿರಲೇಬೇಕು. ಮೊದಲ ವಾರ ಒಂದು ದಿನ ತಪ್ಪಿದರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಾಗೆಯೇ ಹೇಳಿ ಆದ ಮೇಲೆ ಹೊರಟುಬಿಡಬೇಕು. ಕಿಟಕಿಯಲ್ಲಿ ಹತ್ತು ಸಲ ಇಣುಕಿದರೆ ನಿಂತ ಅಳು ಹತ್ತು ಸಲ ಏಳುತ್ತದೆ.

ಇದರಲ್ಲಿ ಉಪಾಧ್ಯಾಯಿನಿಯರ ಪಾಲೂ ಇದೆ. ಅಳು ನಿಲ್ಲಿಸುವ ಅವಸರಕ್ಕೆ "ಅಮ್ಮ ಇಲ್ಲೇ ಅಂಗಡಿಗೆ ಹೋದ್ರು, ಈಗ ಬಂದ್ಬಿಡ್ತಾರೆ" ಅಂದರೆ ಮಗು ಬಾಗಿಲನ್ನೇ ನೋಡುತ್ತಾ ಕೂರುತ್ತದೆ. ಅಮ್ಮ ಏನು ಹೇಳಿ ಹೋದರು ಅಂತ ಒಂದು ಮಾತು ಕೇಳಿಟ್ಟುಕೊಂಡು, "ಹೌದು, ಉದ್ದ ಬೆಲ್ ಆದ ಮೇಲೆ ಮರದ ಕೆಳಗೆ" ಅಂತ ಅದನ್ನೇ ಹೇಳಿದರೆ ಮಗುವಿಗೆ ಮಿಸ್ಸಿನ ಮಾತೂ ನಿಜ, ಅಮ್ಮನ ಮಾತೂ ನಿಜ.

ಕಿವಿ ಮುಟ್ಟಿಸುತ್ತಿದ್ದ ಕಾಲ

ಹಿಂದೆ ಶಾಲೆಗೆ ಸೇರಿಸಲು ಒಂದೇ ಪರೀಕ್ಷೆ. ಬಲಗೈಯನ್ನ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಸೈ, ಹೆಡ್‌ಮೇಷ್ಟ್ರು ತಮಗೆ ತೋಚಿದ ತಾರೀಖು ಬರೆದು ಸೇರಿಸಿಕೊಳ್ಳುತ್ತಿದ್ದರು. ದಾಖಲೆಯಲ್ಲಿ ಜೂನ್ 1ಕ್ಕೆ ಹುಟ್ಟಿದ ಹಿರಿಯರು ಊರೂರಲ್ಲಿ ಸಿಗುವುದಕ್ಕೆ ಇದೇ ಕಾರಣ.

ಈಗ ವಯಸ್ಸಿನದ್ದೇ ದೊಡ್ಡ ಜಗಳ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು, 2025-26ನೇ ಸಾಲಿನಿಂದ ಇದು ಜಾರಿ ಅಂತ ರಾಜ್ಯ ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ಆ ವರ್ಷ ಹತ್ತಿರ ಬಂದಾಗ ಪೋಷಕರು ಗಲಾಟೆ ಎಬ್ಬಿಸಿದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳು ತುಂಬಿದ ಮಕ್ಕಳಿಗೆ ಸಡಿಲಿಕೆ ಕೊಟ್ಟಿತು. "ಒಂದು ವರ್ಷ ವೇಸ್ಟ್ ಆಗುತ್ತೆ" ಅನ್ನುವುದು ಪೋಷಕರ ಅಳಲು. ಆದರೆ ಐದರ ಪ್ರಾಯದಲ್ಲಿ ಆರು ತಿಂಗಳು ಸಣ್ಣದಲ್ಲ. ಗುಂಡಿ ಹಾಕಿಕೊಳ್ಳುವುದು, ಒಂದು ಕಡೆ ಕೂರುವುದು, "ನಂಗೆ ಬೇಕು" ಅಂತ ಬಾಯಿ ಬಿಟ್ಟು ಕೇಳುವುದು ಇವೆಲ್ಲ ಆ ಆರು ತಿಂಗಳಲ್ಲಿ ಬರುವ ವಿದ್ಯೆಗಳು.

ಇನ್ನೊಂದು ಮಾತು. ಮಗುವಿಗೆ ಇಂಟರ್‌ವ್ಯೂ ಅಂತ ಮೂರು ತಿಂಗಳ ಮೊದಲೇ ಎ ಬಿ ಸಿ ಡಿ ಉರು ಹೊಡೆಸುವ ಮನೆಗಳಿವೆ. ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ ಅಂತ ಅದೇ ಕಾಯಿದೆಯ 13ನೇ ಕಲಮು ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸು ಕಳಿಸುವಂತಿಲ್ಲ ಅನ್ನುತ್ತದೆ 14ನೇ ಕಲಮು. ಕೂಲಿಗೆ ಊರು ಬಿಟ್ಟು ಬಂದವರು ಇದನ್ನ ತಿಳಿದಿರುವುದು ಒಳ್ಳೆಯದು.

ಮೈಸೂರು ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಚ್ಚುಗಾರಿಕೆಯೂ ಉಂಟು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಂಗನವಾಡಿಯಿಂದ ಬಂದ ಮಗುವಿಗೆ ಸಾಲಿನಲ್ಲಿ ಕೂತು ಉಣ್ಣುವುದು, ಬೇರೆ ಮಕ್ಕಳ ಜೊತೆ ಹಂಚಿಕೊಳ್ಳುವುದು ಆಗಲೇ ಗೊತ್ತು. ಅರ್ಧ ಕೆಲಸ ಮುಗಿದ ಹಾಗೆ. ಆದರೆ ಒಂದೇ ಕಾಂಪೌಂಡಿನಲ್ಲಿ ಇದ್ದರೂ ಅಂಗನವಾಡಿ ಟೀಚರಿಗೂ ಶಾಲೆಯ ಟೀಚರಿಗೂ ಮಾತಿರದ ಕಡೆಗಳು ಉಂಟು. ಬೇಸಿಗೆ ರಜಕ್ಕೆ ಮುಂಚೆ ಒಂದು ದಿನ ಆ ಮಕ್ಕಳನ್ನ ಸಾಲಾಗಿ ಕರೆದೊಯ್ದು ಒಂದನೇ ತರಗತಿ ತೋರಿಸಿಕೊಂಡು ಬಂದರೆ ಖರ್ಚು ಎಷ್ಟು? ಸೊನ್ನೆ.

ಐದೇ ಅಕ್ಷರಕ್ಕೆ ದಸರ

ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯೂ ಇದೇ ಜಿಲ್ಲೆಯ ಕೂಸು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಪಾಠದ ಬದಲು ಕಾರ್ಡು, ಕಾರ್ಡುಗಳಿಗೆ ಏಣಿಯ ಹಾಗೆ ಮೆಟ್ಟಿಲು. ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡ ಮಗು ಐದನೇ ದಿನ ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಅಳುವ ಮಗುವಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಆದರೆ ಮನೆಯಲ್ಲಿ ಇದಕ್ಕೇ ಜಗಳ! ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದ ಅಲ್ಲ. ರ, ಗ, ಸ, ದ, ಅ ಇಂದ. ಅಪ್ಪ ಪುಸ್ತಕ ತೆಗೆದು ನೋಡಿ "ಏನ್ರೀ ಇದು, ಇನ್ನೂ ಅ ಆ ಇ ಈ ನೇ ಹೇಳ್ಕೊಟ್ಟಿಲ್ಲ" ಅಂತ ಮಗುವಿನ ಮುಂದೆಯೇ ಕೂಗಾಡಿದರೆ, ಮಗು ಯಾರನ್ನ ನಂಬಬೇಕು? ಬರೆಯಲು ಸುಲಭ, ಸೇರಿಸಿದರೆ ಕೂಡಲೇ ಪದವಾಗುತ್ತದೆ ಅನ್ನುವ ಲೆಕ್ಕ ಈ ಕ್ರಮದ ಹಿಂದಿದೆ. ಈ ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಎಲ್ಲ ಬರುತ್ತದೆ. ಮೈಸೂರಿನ ಮಗು ಇನ್ನೇನು ಬೇಕು, ದಸರ ಅಂತಲೂ ಓದಿಬಿಡುತ್ತದೆ! ಜೂನ್ ಮೊದಲ ವಾರ ಪೋಷಕರನ್ನ ಹತ್ತು ನಿಮಿಷ ಕೂರಿಸಿ ಟೀಚರು ಇಷ್ಟು ಹೇಳಿದರೆ ವರ್ಷವಿಡೀ ಜಗಳ ತಪ್ಪುತ್ತದೆ.

"ಇನ್ನೂ ಏನೂ ಬರೆಸಿಲ್ಲ" ಅನ್ನುವ ದೂರೂ ಹೀಗೆಯೇ. ಒಂದನೇ ತರಗತಿಯ ಮೊದಲ ಮೂರು ತಿಂಗಳು ಹಾಡು, ಆಟ, ಮಾತುಗಳಲ್ಲೇ ಮಗುವನ್ನ ಪಳಗಿಸುವ ವಿದ್ಯಾಪ್ರವೇಶ ಕಾರ್ಯಕ್ರಮವನ್ನ ಕೇಂದ್ರ 2021ರಲ್ಲಿ ತಂದಿತು. 2022-23ರಲ್ಲಿ ಕರ್ನಾಟಕದ ಶಾಲೆಗಳಿಗೂ ಬಂತು. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು, ಬ್ಯಾಗಿನ ತೂಕ ಎರಡು ಕೆ.ಜಿ. ಮೀರಬಾರದು ಅಂತ ರಾಜ್ಯ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತ್ತು. ಹೋಂವರ್ಕ್ ಕೊಡಿ ಅಂತ ಟೀಚರ ಬೆನ್ನು ಹತ್ತುವವರು ಮಾತ್ರ ಪೋಷಕರೇ.

ಹುಕ್ಕು, ಮುಚ್ಚಳ, ಕಕ್ಕಸು

ಮಗು ಶಾಲೆಯಲ್ಲಿ ಸೋಲುವುದು ಅಕ್ಷರಕ್ಕಲ್ಲ, ಇಂಥ ಸಣ್ಣಪುಟ್ಟದ್ದಕ್ಕೆ. ಹುಕ್ಕಿನ ಚಡ್ಡಿ ಹಾಕಿಸಿ ಕಳಿಸುತ್ತಾರೆ, ಬಿಚ್ಚಲು ಬರುವುದಿಲ್ಲ, ಒದ್ದೆಯಾಗುತ್ತದೆ, ಪಕ್ಕದವರು ನಗುತ್ತಾರೆ. ಮಾರನೇ ದಿನದಿಂದ ಶಾಲೆ ಬೇಡ! ಎಲಾಸ್ಟಿಕ್ ಚಡ್ಡಿ ಹಾಕಿದ್ದರೆ ಈ ರಾಮಾಯಣವೇ ಇರಲಿಲ್ಲ. ಬಿಗಿ ಮುಚ್ಚಳದ ಡಬ್ಬಿ ಕೊಟ್ಟರೆ ತಿಂಡಿ ಹಾಗೆಯೇ ವಾಪಸು ಬರುತ್ತದೆ. ಬೂಟಿನ ಲಾಡಿಯೂ ಅಷ್ಟೆ.

ಶಾಲೆ ತೆರೆಯುವ ಮುಂಚಿನ ಹದಿನೈದು ದಿನ ಮನೆಯಲ್ಲಿ ಇಷ್ಟು ರೂಢಿ ಮಾಡಿಸಿದರೆ ಸಾಕು: ತನ್ನ ಪೂರ್ತಿ ಹೆಸರು ಹೇಳುವುದು, ಡಬ್ಬಿ ತೆರೆಯುವುದು, ಚಪ್ಪಲಿ ಎಡಬಲ ತಿಳಿಯುವುದು, "ಮಿಸ್, ಒಂದಕ್ಕೆ" ಅಂತ ಸಂಕೋಚವಿಲ್ಲದೆ ಕೇಳುವುದು, ರಾತ್ರಿ ಬೇಗ ಮಲಗಿ ಬೆಳಗ್ಗೆ ಬೇಗ ಏಳುವುದು. ಶಾಲೆಯ ಕಡೆಯಿಂದ ಒಂದೇ ಕೆಲಸ: ಕಕ್ಕಸಿನ ಬೀಗ ತೆಗೆದಿರಬೇಕು, ಒಳಗೆ ನೀರಿರಬೇಕು, ಮೊದಲ ದಿನವೇ ಮಗುವಿನ ಕೈ ಹಿಡಿದು ಎಲ್ಲಿದೆ ಅಂತ ತೋರಿಸಬೇಕು. ಹೆದರಿ ಹೆದರಿ ಸಂಜೆವರೆಗೂ ತಡೆದುಕೊಂಡು ಕೂತ ಮಗುವಿಗೆ ಯಾವ ಹಾಡು ತಾನೇ ರುಚಿಸೀತು?

ಎರಡನೇ ದಿನ ಏನು?

ಪ್ರಾರಂಭೋತ್ಸವದ ದಿನ ಶಾಲೆಗಳಲ್ಲಿ ತಳಿರು ತೋರಣ, ರಂಗೋಲಿ, ಊಟಕ್ಕೆ ಸಿಹಿ. ಕೆಲವು ಹಳ್ಳಿಗಳಲ್ಲಿ ಎತ್ತಿನ ಗಾಡಿ ಸಿಂಗರಿಸಿ ಮಕ್ಕಳನ್ನ ಮೆರವಣಿಗೆಯಲ್ಲಿ ಕರೆತರುವುದೂ ಉಂಟು. ನೋಡಲು ಚೆಂದ. ಆದರೆ ಗಣ್ಯರ ಭಾಷಣ ಮುಗಿಯುವವರೆಗೆ ಬಿಸಿಲಲ್ಲಿ ಕೂತ ಮಗುವಿಗೆ ಉತ್ಸವ ಯಾರದು ಅನ್ನುವುದೇ ತಿಳಿಯುವುದಿಲ್ಲ. ತೋರಣ ಒಣಗಿದ ಎರಡನೇ ದಿನ, ಮೂರನೇ ದಿನ ಏನಾಗುತ್ತದೆ ಅನ್ನುವುದೇ ಮುಖ್ಯ.

ಆಗ ಬೇಕಾದದ್ದು ಹೆಚ್ಚೇನಿಲ್ಲ. ಮೊದಲ ವಾರ ಗೇಟಿಗೆ ಬೀಗ ಜಡಿಯದೆ ತಾಯಂದಿರನ್ನ ಅರ್ಧ ಗಂಟೆ ಒಳಗೆ ಬಿಡುವುದು. ಮೊದಲ ತಿಂಗಳು ಒಂದನೇ ತರಗತಿಯ ಟೀಚರನ್ನ ಬೇರೆ ಕೆಲಸಕ್ಕೆ ಎಳೆಯದಿರುವುದು; ದಿನಕ್ಕೊಂದು ಹೊಸ ಮುಖ ಕಂಡರೆ ಮಗು ಯಾರ ಕೈ ಹಿಡಿಯಬೇಕು? ಐದನೇ ತರಗತಿಯ ಒಬ್ಬ ಅಕ್ಕನೋ ಅಣ್ಣನೋ ಒಂದೊಂದು ಹೊಸ ಮಗುವಿಗೆ ಜೊತೆ. ಮಧ್ಯಾಹ್ನದ ಊಟಕ್ಕೆ ಆ ಜೊತೆಗಾರರ ಪಕ್ಕದಲ್ಲೇ ತಟ್ಟೆ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಬಂದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು ಇವು ಹೊಟ್ಟೆಗಷ್ಟೇ ಅಲ್ಲ; ಸಾಲಿನಲ್ಲಿ ಕೂತು ಉಂಡ ಮಗುವಿಗೆ ಸ್ನೇಹ ಬೇಗ ಕುದುರುತ್ತದೆ.

ಮನೆಯಲ್ಲಿ ಕನ್ನಡ ಆಡದ ಮಕ್ಕಳ ಪಾಡು ಬೇರೆಯೇ. ಉರ್ದು, ತಮಿಳು, ಲಂಬಾಣಿ ಮನೆಯ ಮಕ್ಕಳಿಗೂ, ಕೋಟೆ ತಾಲ್ಲೂಕಿನ ಜೇನುಕುರುಬರ ಹಾಡಿಯಿಂದ ಬಂದ ಮಕ್ಕಳಿಗೂ ಶಾಲೆಯ ಮಾತೇ ಅರ್ಧ ಗುಮ್ಮ. ನೀರು, ಊಟ, ಹೊಟ್ಟೆನೋವು, ಅಮ್ಮ ಬರ್ತಾಳೆ... ಇಂಥ ಹತ್ತು ಮಾತನ್ನ ಆ ಮಕ್ಕಳ ಭಾಷೆಯಲ್ಲಿ ಟೀಚರು ಕಲಿತುಕೊಂಡರೆ ಮಗು ನೂರು ಕನ್ನಡ ಮಾತು ಕಲಿಯುತ್ತದೆ.

ಇದನ್ನೆಲ್ಲ ಮಾಡಿಸುವವರು ಯಾರು? 2001ರ ಸರ್ಕಾರಿ ಆದೇಶದಿಂದ ಬಂದ ಎಸ್‌ಡಿಎಂಸಿ ಇದೆಯಲ್ಲ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯಿದೆಯೂ ಹೇಳುತ್ತದೆ. ಕಾಂಪೌಂಡು, ಸುಣ್ಣಬಣ್ಣದ ಚರ್ಚೆ ಆಗಲಿ, ಬೇಡವೆನ್ನುವವರಿಲ್ಲ. ಅದರ ಜೊತೆಗೆ ಮೇ ತಿಂಗಳಲ್ಲೇ ಒಂದು ಸಭೆ ಕರೆದು, ಹೊಸ ಮಕ್ಕಳ ಮೊದಲ ಹದಿನೈದು ದಿನ ಹೇಗಿರಬೇಕು ಅಂತ ಒಂದು ಗಂಟೆ ಮಾತಾಡಬಾರದೇ?

ಅರ್ಧ ಗಂಟೆಗೆ ಬೆಲೆ ಎಷ್ಟು?

ಇಲ್ಲಿಗೆ ಬಂದಾಗ ಮಾತು ಮನೆ, ಶಾಲೆ ಎರಡನ್ನೂ ದಾಟಿ ಪೇಟೆಗೆ ಬರುತ್ತದೆ. "ಅರ್ಧ ಗಂಟೆ ಶಾಲೆಯಲ್ಲಿ ಇರಿ" ಅಂತ ಹೇಳುವುದು ಸುಲಭ. ಬಟ್ಟೆ ಅಂಗಡಿಯಲ್ಲಿ ದುಡಿಯುವ, ಗಾರ್ಮೆಂಟ್ಸಿಗೆ ಹೋಗುವ, ನಾಲ್ಕು ಮನೆ ಪಾತ್ರೆ ತೊಳೆಯುವ ತಾಯಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಯ ಟಿಕೆಟು ಉಳಿಯಿತು. ಆದರೆ ತಡವಾಗಿ ಹೋದದ್ದಕ್ಕೆ ಮಾಲೀಕರು ಹಿಡಿಯುವ ಕೂಲಿ ಉಳಿಯಲಿಲ್ಲ. ಗೇಟಿನ ಹೊರಗೆ ಕಾಣುವ ಅವಸರವೆಲ್ಲ ಕಲ್ಲು ಮನಸ್ಸಿನದ್ದಲ್ಲ. ಅದರಲ್ಲಿ ಅರ್ಧ ಹೊಟ್ಟೆಪಾಡಿನದು.

ಅಂಗಡಿ ಮಾಲೀಕರು ಮನಸ್ಸು ಮಾಡಿದರೆ ಇದು ದೊಡ್ಡ ಮಾತಲ್ಲ. ನಿಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವವರಲ್ಲಿ ಈ ವರ್ಷ ಒಂದನೇ ಕ್ಲಾಸಿಗೆ ಮಗುವನ್ನ ಸೇರಿಸುವವರು ಎಷ್ಟು ಜನ? ಒಬ್ಬರೋ ಇಬ್ಬರೋ. ಮೊದಲ ವಾರ ಅವರಿಗೆ ಬೆಳಗ್ಗೆ ಒಂದು ಗಂಟೆ ತಡವಾಗಿ ಬರಲು ಬಿಡಿ, ಸಂಬಳ ಹಿಡಿಯಬೇಡಿ. ಒಟ್ಟು ಲೆಕ್ಕ ಹಾಕಿದರೆ ಆರು ಗಂಟೆ. ಅದೇ ಮಕ್ಕಳ ಬ್ಯಾಗು, ಬೂಟು, ಛತ್ರಿಯಿಂದ ಮೇ ತಿಂಗಳ ವ್ಯಾಪಾರ ಆಗಿದೆ ಅನ್ನುವುದು ನೆನಪಿರಲಿ. ಕೆಲಸಕ್ಕಿರುವವನು ಗಂಡಸಾದರೆ ಅವನಿಗೂ ಬಿಡಿ. ಮಗುವನ್ನ ಬಿಟ್ಟು ಬರುವುದು ಹೆಂಗಸರ ಗುತ್ತಿಗೆ ಏನಲ್ಲ. ಬಸ್ಸಿನಲ್ಲಿ ನಿತ್ಯ ಓಡಾಡುವವರಿಗೂ ಒಂದು ಪಾಲು. ನೂಕುನುಗ್ಗಲಲ್ಲಿ ಬ್ಯಾಗು ಹೊತ್ತು ನಿಂತ ಪುಟ್ಟ ಮಗುವಿಗೆ ಅರ್ಧ ಸೀಟು ಬಿಟ್ಟುಕೊಟ್ಟರೆ ಅದು ಶಾಲೆಗೆ ಜಜ್ಜಿಹೋಗದೆ ತಲುಪುತ್ತದೆ.

ಎರಡನೇ ಅಳು

ಜೂನಿನ ಅಳು ಜುಲೈಗೆ ನಿಂತಿತು ಅಂತ ನಿಟ್ಟುಸಿರು ಬಿಡುವ ಹಾಗಿಲ್ಲ. ದಸರ ರಜ ಮುಗಿದ ಮೇಲೆ ಎರಡನೇ ಅಳು ಕಾದಿರುತ್ತದೆ. 2025ರಲ್ಲಿ ಮೇಷ್ಟ್ರುಗಳನ್ನ ಸಮೀಕ್ಷೆಗೆ ಹಚ್ಚಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರ ರಜ ಅಕ್ಟೋಬರ್ 18ರವರೆಗೆ ಬೆಳೆಯಿತು. ಅದರ ಬೆನ್ನಿಗೇ ದೀಪಾವಳಿ. ಇಷ್ಟು ದಿನ ಮನೆಯಲ್ಲಿದ್ದ ಆರು ವರ್ಷದ ಮಗುವಿಗೆ ಮತ್ತೆ ಗೇಟು ಕಂಡರೆ ಅದು ಹೊಸ ಶಾಲೆಯೇ. ಆಗ "ಇಷ್ಟು ದಿನ ಚೆನ್ನಾಗಿದ್ದೆಯಲ್ಲ, ಈಗೇನು ನಾಟಕ" ಅಂತ ಗದರಿಸುವುದು ಬೇಡ. ಜೂನಿನಲ್ಲಿ ಮಾಡಿದ್ದನ್ನೇ ಎರಡು ದಿನ ಮತ್ತೆ ಮಾಡಿದರೆ ಸಾಕು: ಹೇಳಿ ಹೋಗುವುದು, ಹೇಳಿದ ಹಾಗೆ ಬರುವುದು.

ಮುಂದಿನ ಸಾಲಿಗೆ ಮಕ್ಕಳನ್ನ ಸೇರಿಸುವವರು ಇವತ್ತಿನಿಂದಲೇ "ಸ್ಕೂಲಿಗೆ ಹಾಕ್ತೀನಿ" ಅನ್ನುವ ಬೆದರಿಕೆ ನಿಲ್ಲಿಸಲಿ. ಎಸ್‌ಡಿಎಂಸಿಯವರು ಮೇ ತಿಂಗಳ ಸಭೆಗೆ ತಾರೀಖು ಗೊತ್ತು ಮಾಡಲಿ. ಒಂದನೇ ತರಗತಿಯ ಟೀಚರುಗಳನ್ನ ಜೂನ್ ತಿಂಗಳು ಬೇರೆ ಕೆಲಸಕ್ಕೆ ಹಚ್ಚುವುದಿಲ್ಲ ಅಂತ ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಮಾತು ಕೊಡಲಿ. ಅಂಗಡಿ ಮಾಲೀಕರು ಆ ಆರು ಗಂಟೆ ಬಿಟ್ಟುಕೊಡಲಿ. ಸಂಬಂಧಪಟ್ಟವರು ಗಮನ ಹರಿಸುವರೇ ಅಂತ ಕೇಳುವುದು ವಾಡಿಕೆ. ಈ ಸಲ ಸಂಬಂಧಪಟ್ಟವರ ಪಟ್ಟಿ ಸ್ವಲ್ಪ ಉದ್ದವಿದೆ, ಅಷ್ಟೆ.